ಹನ್ನೊಂದೂವರೆ ಸುತ್ತು

ಮೊದಲು ಬಿಂದುಗಳು. ವಾಲ್ವಿಗೊಂದು ಬಿಂದು,
ನಾಲ್ಕು ಸಾವಿರದ ನೂರಾ ಹನ್ನೆರಡು.
ಆಮೇಲೆ ಗೆರೆಗಳು. ಕೊಳವೆಗೊಂದು ಗೆರೆ,
ನೀರು ಹರಿಯುವ ದಿಕ್ಕಿಗೇ ಎಳೆಯಬೇಕು,
ಹಿಂದುಮುಂದಾದರೆ ಬಾತಿ ಗುಡ್ಡಕ್ಕೆ
ನೀರು ಹತ್ತಿಸಿದ ಪಾಪ ನನ್ನದು.
ಕೊನೆಗೆ ವಾರ್ಡುಗಳು, ಮುಚ್ಚಿದ ಬಹುಭುಜಗಳು.
ಹೊರಟ ಮೂಲೆಗೇ ಬಂದು ಸೇರದ ಗಡಿಯನ್ನು
ಡೇಟಾಬೇಸು ಹೊಸಿಲು ದಾಟಗೊಡದು.

ಹೀಗೆಲ್ಲ ನಿಯಮ ಬರೆದೆ ದಾವಣಗೆರೆಯ ಪಾಲಿಕೆಯ ಹಿಂಬದಿ ಕೋಣೆಯಲ್ಲಿ.
ಫ್ಯಾನು ಮೂರನೇ ನಂಬರಿಗೆ ಮಾತ್ರ ತಿರುಗುತ್ತಿತ್ತು.

ಮೊದಲ ವಾರವೇ ಯಾರೋ
ಅಕ್ಷಾಂಶ ರೇಖಾಂಶ ಅದಲುಬದಲು ಮಾಡಿ
ಮಂಡಕ್ಕಿ ಭಟ್ಟಿಯ ವಾಲ್ವೊಂದನ್ನು
ಉತ್ತರ ಧ್ರುವದ ಹತ್ತಿರ ಹಿಮಗಡಲಿಗೆ ಎಸೆದಿದ್ದರು.
ದಾದಾಪೀರ್ ಪರದೆಗೆ ಬಗ್ಗಿ ನೋಡಿ
"ಅಲ್ಲಿಗೂ ದಿನ ಬಿಟ್ಟು ದಿನ ಬಿಡಬೇಕೇನ್ರಿ?" ಅಂದರು.

ಮೂವತ್ತೊಂದು ವರ್ಷದ ನೀರುಗಂಟಿ.
ಸೈಕಲ್ಲಿಗೆ ಕಟ್ಟಿದ ಕೀಲಿ ಅವರ ಎದೆಯೆತ್ತರ.
ವ್ಯಾಸ? ನಾಲ್ಕಿಂಚು. ಲೋಹ? ಬೀಡು.
ಹಾಕಿದ ಇಸವಿ?
"ಹತ್ತಿ ಮಿಲ್ಲಿನ ಸೈರನ್ನು ನಿಂತ ಮರುವರ್ಷ."
ನನ್ನ ಕಾಲಂ ಅಂಕಿಯನ್ನಷ್ಟೇ ನುಂಗುತ್ತದೆ,
ಸೈರನ್ನನ್ನು ಉಗುಳಿತು.
ಖಾಲಿ ಬಿಟ್ಟೆ. ಖಾಲಿ ಅಂದರೆ ಸೊನ್ನೆಯಲ್ಲ,
ಇದನ್ನು ಮೂರು ಸಲ ಮೇಲಿನವರಿಗೆ ಹೇಳಿದ್ದೇನೆ.

"ಇದು ಹನ್ನೊಂದೂವರೆ ಸುತ್ತು.
ಬಲಕ್ಕೆ ಬಿಚ್ಚತೈತಿ, ಎಡಕ್ಕಲ್ಲ.
ಆ ಮೂಲೇದು ಪೂರ್ತಿ ಮುಚ್ಚಿದ್ರೂ ಅಳತೈತಿ.
ಎಲ್ಲಿ ಬರ್ಕಂತೀರಿ ಇದನ್ನೆಲ್ಲ?"
ಎಲ್ಲಿಯೂ ಜಾಗವಿರಲಿಲ್ಲ.
ಅವತ್ತೇ ಮೂರು ಸೇರಿಸಿದೆ: ಸುತ್ತು, ದಿಕ್ಕು, ಷರಾ.
ಷರಾ ಸೋಮಾರಿಗಳ ಕಾಲಂ ಎಂದು ಬೈಯುತ್ತಿದ್ದರು ಕಲಿಸಿದ ಮೇಷ್ಟ್ರು.
ಈಗ ಎಲ್ಲಕ್ಕಿಂತ ತುಂಬಿರುವುದು ಅದೇ.

ತಪ್ಪು ನಡೆದದ್ದು ಶ್ರಾವಣದ ಒಂದು ರಾತ್ರಿ.
ತುದಿಗೆ ತುದಿ ತಾಗದ ಗೆರೆಗಳನ್ನು ಜೋಡಿಸೆಂದು
ಆಜ್ಞೆ ಕೊಟ್ಟು ಚಹಾಕ್ಕೆ ಹೋದೆ.
ಬರುವಷ್ಟರಲ್ಲಿ ಅದು ಗೆರೆಗೆ ಗೆರೆ ಅಡ್ಡ ಬಂದಲ್ಲೆಲ್ಲ
ಗಂಟು ಹಾಕಿತ್ತು, ಮುನ್ನೂರ ಆರು ಗಂಟು.
ನಕ್ಷೆಯಲ್ಲಿ ದಾಟಿದ್ದು ನೆಲದೊಳಗೆ ಸೇರಿರಬೇಕೆಂದೇನಿಲ್ಲ.
ಒಂದು ಮೂರಡಿ ಆಳ, ಇನ್ನೊಂದು ಆರು,
ನಲವತ್ತು ವರ್ಷ ಅಡ್ಡಡ್ಡ ಮಲಗಿಯೂ
ಒಂದರ ಮುಖ ಇನ್ನೊಂದು ನೋಡಿಲ್ಲ.
ನನ್ನ ಪಟ್ಟಿ ನಂಬಿ ಹೊಸ ಹುಡುಗ ತಿರುವಿದ;
ಎರಡು ದಿನ ನಿಟುವಳ್ಳಿಯ ಕೊಡಗಳು ಸಾಲಿನಲ್ಲೇ ನಿಂತವು,
ನೀರು ಇನ್ನೆಲ್ಲೋ ಚರಂಡಿ ಸೇರಿತು.

ಹಿಂದಿನ ದಿನದ ಪ್ರತಿ ಇತ್ತು, ಪುಣ್ಯ. ವಾಪಸು ತಂದೆ.
ಆಮೇಲೆ ಆಳಕ್ಕೊಂದು ಕಾಲಂ,
ಅದರ ಪಕ್ಕ ಇನ್ನೊಂದು: ಹೇಳಿದವರು.

ಮಂಡಿಪೇಟೆಯಲ್ಲಿ ಡಾಂಬರಿನಡಿ ಹೂತುಹೋದದ್ದೊಂದಿತ್ತು.
ಜಿಪಿಎಸ್ ಹಿಡಿದು ನಿಂತೆ: ಮೂರು ಮೀಟರು ಆಚೀಚೆ.
ಅವರು ಜವಳಿ ಅಂಗಡಿಯ ಮೆಟ್ಟಿಲಿಂದ ನಾಲ್ಕು ಹೆಜ್ಜೆ ಎಣಿಸಿ
ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು.
"ತಂಪೈತಿ. ಅಗೀರಿ."
ಠಣ್ ಎಂದಿತು ಹಾರೆ.
ನಿಖರತೆ ಎಂಬ ಕಾಲಮ್ಮಿನ ಮುಂದೆ
ಕರ್ಸರು ತುಂಬಾ ಹೊತ್ತು ಮಿಣುಕುತ್ತಿತ್ತು.

ನಮ್ಮಲ್ಲಿ ಅಳಿಸುವ ಪದ್ಧತಿ ಇಲ್ಲ.
ಕಿತ್ತುಹಾಕಿದ ಕೊಳವೆಯ ಸಾಲೂ ಹಾಗೇ ಇರುತ್ತದೆ,
ಮುಕ್ತಾಯದ ದಿನಾಂಕವನ್ನಷ್ಟೇ ತುಂಬುತ್ತೇವೆ.
ಮೇ ಮೂವತ್ತೊಂದಕ್ಕೆ ದಾದಾಪೀರ್ ನಿವೃತ್ತಿ.
"ನನ್ನ ಹೆಸರಿನ ಮುಂದೂ ತಾರೀಖು ಹಾಕ್ತೀರೇನು?"
ಹೇಳಿದವರಿಗೆಲ್ಲ ಅದು ಇಟ್ಟಿಲ್ಲ ಎಂದೆ.
ರಾತ್ರಿ ತೆರೆದು ನೋಡಿದರೆ
ಇಟ್ಟಿದ್ದೆ. ಕಡ್ಡಾಯ ಎಂದು ಬೇರೆ.
ಕಡ್ಡಾಯ ತೆಗೆದೆ.

ಬೆಳಗಿನ ನಾಲ್ಕೂವರೆ. ಮನೆಯ ನಲ್ಲಿ
ಮೊದಲು ಗಾಳಿ ಕೆಮ್ಮಿತು.
ಕೊಡ ಒಡ್ಡಿ ಕತ್ತಲಲ್ಲಿ ಎಣಿಸುತ್ತಾ ಕೂತೆ,
ಒಂಬತ್ತು, ಹತ್ತು, ಹನ್ನೊಂದು,
ಇನ್ನರ್ಧ.